ಡೇಟಾಬೇಸಿನಲ್ಲಿ ಶೇರ್ಡ್ ಮೆಮೊರಿ ದೋಷ: ಪತ್ತೆ ಮತ್ತು ಪರಿಹಾರ

ಮೆಕ್ಕೆಜೋಳ, ಶೇಂಗಾಗಳ ಆವಕ ಏರುವ ಸುಗ್ಗಿಯ ತಿಂಗಳುಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ಭಾಗದ ದಲ್ಲಾಲಿ ಅಂಗಡಿಗಳ ಮತ್ತು ಸಣ್ಣ ಕೈಗಾರಿಕೆಗಳ ಗಣಕಯಂತ್ರಗಳಿಗೆ ಬಿಡುವಿರುವುದಿಲ್ಲ. ಬಿಲ್, ಲೆಕ್ಕ ತಿರುವಳಿ ಪಟ್ಟಿ, ಇ-ವೇ ಬಿಲ್ಲುಗಳ ಭರಾಟೆಯ ನಡುವೆ, ಶೇರ್ಡ್ ಮೆಮೊರಿ ಸಾಲದೆಂಬ ಅರ್ಥದ ಆಂಗ್ಲ ಸಂದೇಶವೊಂದು ಪರದೆಯ ಮೇಲೆ ಮೂಡಿ ತಂತ್ರಾಂಶ ನಿಂತುಬಿಟ್ಟರೆ ಸಾಮಾನ್ಯವಾಗಿ ಕೈಗೊಳ್ಳುವ ಕ್ರಮಗಳು ಎರಡೇ: ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವುದು, ಅದಕ್ಕೂ ಬಗ್ಗದಿದ್ದರೆ ಹೊಸ ರ್‍ಯಾಮ್ ಕೊಳ್ಳುವುದು. ಮೊದಲನೆಯದು ದೋಷದ ಗುರುತನ್ನೇ ಅಳಿಸಿಹಾಕುತ್ತದೆ. ಎರಡನೆಯದು ಅನೇಕ ವೇಳೆ ದಂಡದ ಖರ್ಚು.

ಈ ದೋಷ ಒರಾಕಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಮುಂತಾದ ರಿಲೇಶನಲ್ ಡೇಟಾಬೇಸುಗಳ ಮೇಲೆ ನಿಂತ ತಂತ್ರಾಂಶಗಳಿಗೆ ಸಂಬಂಧಿಸಿದುದು. ಟ್ಯಾಲಿಯು ತನ್ನದೇ ಕಡತ ರೂಪದಲ್ಲಿ ಲೆಕ್ಕ ಇಡುವುದರಿಂದ, ಅದನ್ನು ಮಾತ್ರ ಬಳಸುವವರಿಗೆ ಇಲ್ಲಿನ ವಿವರಗಳು ಅನ್ವಯಿಸುವುದಿಲ್ಲ. ಆದರೆ ಗಿರಣಿಯ ದಾಸ್ತಾನು, ತೂಕದ ಸೇತುವೆ, ಹಲವು ಶಾಖೆಗಳ ಬಿಲ್ಲಿಂಗ್ ಎಲ್ಲವನ್ನೂ ಒಂದೇ ಸರ್ವರಿನಲ್ಲಿ ನಡೆಸುವವರು ತಮ್ಮ ತಂತ್ರಾಂಶದ ಹಿಂದೆ ಯಾವ ಡೇಟಾಬೇಸ್ ಇದೆಯೆಂದು ಮಾರಾಟಗಾರರಿಂದ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು.

ಶೇರ್ಡ್ ಮೆಮೊರಿ ಎಂದರೇನು?

ಡೇಟಾಬೇಸ್ ಸರ್ವರಿನಲ್ಲಿ ಏಕಕಾಲಕ್ಕೆ ಹಲವರು ಕೆಲಸ ಮಾಡುತ್ತಾರೆ. ಡಿಸ್ಕಿನಿಂದ ಓದಿದ ದತ್ತಾಂಶದ ಪುಟಗಳು, ಈಗಾಗಲೇ ಅರ್ಥೈಸಿಕೊಂಡ ಆದೇಶಗಳು, ಯಾರು ಯಾವ ಕೋಷ್ಟಕವನ್ನು ಹಿಡಿದಿದ್ದಾರೆಂಬ ಬೀಗಗಳ ಪಟ್ಟಿ ಇವೆಲ್ಲ ಎಲ್ಲರಿಗೂ ಸಮಾನವಾಗಿ ದೊರೆಯುವಂತೆ ರ್‍ಯಾಮಿನ ಒಂದು ಭಾಗವನ್ನು ಡೇಟಾಬೇಸ್ ಕಾಯ್ದಿರಿಸುತ್ತದೆ. ಇದೇ ಶೇರ್ಡ್ ಮೆಮೊರಿ. ಇದರ ಬಹುಪಾಲು ಅಳತೆ ಡೇಟಾಬೇಸ್ ಆರಂಭವಾಗುವಾಗಲೇ ನಿಗದಿಯಾಗಿರುತ್ತದೆ. ಆದ್ದರಿಂದ ಯಂತ್ರದಲ್ಲಿ 32 ಜಿಬಿ ರ್‍ಯಾಮ್ ಇದ್ದರೂ, ಡೇಟಾಬೇಸಿಗೆ ನಿಗದಿಯಾದುದು 1 ಜಿಬಿ ಆಗಿದ್ದರೆ ಉಳಿದುದು ಅದರ ಪಾಲಿಗೆ ಇದ್ದೂ ಇಲ್ಲದಂತೆ.

ಎ.ಪಿ.ಎಂ.ಸಿ. ಪ್ರಾಂಗಣದ ಹರಾಜು ಕಟ್ಟೆಯನ್ನು ನೆನೆದರೆ ವಿಷಯ ಸುಲಭ. ಕಟ್ಟೆ ಎಲ್ಲ ದಲ್ಲಾಳರಿಗೂ ಸೇರಿದುದು. ಅದರ ಉದ್ದಗಲ ಕಟ್ಟಿದ ದಿನವೇ ತೀರ್ಮಾನವಾಗಿದೆ. ನಾಲ್ಕು ಚೀಲ ಇಲ್ಲಿ, ಆರು ಚೀಲ ಅಲ್ಲಿ ಎಂದು ಸಣ್ಣ ಸಣ್ಣ ರಾಶಿಗಳು ಚದುರಿ ಬಿದ್ದರೆ, ಖಾಲಿ ಜಾಗವನ್ನೆಲ್ಲ ಕೂಡಿಸಿದಾಗ ನೂರು ಚೀಲಕ್ಕೆ ಸಾಲುವಂತಿದ್ದರೂ, ಹೊಸದಾಗಿ ಬಂದ ಐವತ್ತು ಚೀಲದ ಲಾಟನ್ನು ಒಂದೆಡೆ ಇಳಿಸಲು ಸ್ಥಳ ಸಿಗುವುದಿಲ್ಲ.

ಒರಾಕಲ್: ದೋಷ ಸಂಖ್ಯೆ 04031

ಒರಾಕಲ್‌ನಲ್ಲಿ ಬರುವ 'ಓಆರ್‌ಎ-04031' ಎಂಬ ಸಂದೇಶದ ಹಿಂದೆ ಬಹುತೇಕ ಇದೇ ಸ್ಥಿತಿ ಇರುತ್ತದೆ. ಎಷ್ಟು ಬೈಟ್ ಬೇಕಾಗಿತ್ತು, ಯಾವ ವಿಭಾಗದಲ್ಲಿ ಸಿಗಲಿಲ್ಲ ಎಂಬ ಎರಡನ್ನೂ ಸಂದೇಶವೇ ಹೇಳುತ್ತದೆ. ಆವರಣದೊಳಗೆ 'ಶೇರ್ಡ್ ಪೂಲ್' ಎಂದಿದೆಯೋ, 'ಲಾರ್ಜ್ ಪೂಲ್' ಎಂದಿದೆಯೋ ಎಂಬುದರ ಮೇಲೆ ಪರಿಹಾರದ ದಾರಿಯೇ ಬದಲಾಗುತ್ತದೆ. ಕೇವಲ ಕೆಲವು ಸಾವಿರ ಬೈಟುಗಳಿಗಾಗಿ ದೋಷ ಬಂದು, ಖಾಲಿ ಜಾಗ ಮಾತ್ರ ಹತ್ತಾರು ಎಂಬಿ ಕಾಣಿಸಿದರೆ, ಅದು ಕೊರತೆಯಲ್ಲ, ಚದುರುವಿಕೆ.

ಚದುರುವಿಕೆಗೆ ಅತಿ ಸಾಮಾನ್ಯ ಕಾರಣ ತಂತ್ರಾಂಶ ಬರೆದವರ ಕೆಲಸದಲ್ಲಿಯೇ ಇರುತ್ತದೆ. ಲೆಕ್ಕ ತಿರುವಳಿ ಪಟ್ಟಿಯ ನಮೂನೆಯನ್ನು ವರ್ತಕರು ಒಮ್ಮೆ ಅಚ್ಚು ಹಾಕಿಸುತ್ತಾರೆ. ರೈತನ ಹೆಸರು, ತೂಕ, ದರಗಳನ್ನು ಖಾಲಿ ಬಿಟ್ಟ ಜಾಗದಲ್ಲಿ ತುಂಬುತ್ತಾರೆ. ಪ್ರತಿ ರೈತನಿಗೂ ಅವನ ಹೆಸರು ಸೇರಿಸಿಯೇ ಪ್ರತ್ಯೇಕ ನಮೂನೆ ಅಚ್ಚು ಹಾಕಿಸಿದರೆ ಅಂಗಡಿಯ ತುಂಬ ಕಾಗದವೇ ತುಂಬೀತು. ಡೇಟಾಬೇಸಿಗೆ ಕೊಡುವ ಆದೇಶವೂ ಹೀಗೆಯೇ. ಖಾಲಿ ಜಾಗ ಬಿಟ್ಟು ಬರೆದ ಆದೇಶಕ್ಕೆ 'ಬೈಂಡ್ ವೇರಿಯಬಲ್' ಬಳಸಿದ ಆದೇಶವೆನ್ನುತ್ತಾರೆ. ಒರಾಕಲ್ ಅದನ್ನು ಒಮ್ಮೆ ಅರ್ಥೈಸಿ ಎಲ್ಲರಿಗೂ ಬಳಸುತ್ತದೆ. ಗ್ರಾಹಕ ಸಂಖ್ಯೆಯನ್ನು ಆದೇಶದೊಳಗೇ ಬರೆದರೆ, ಪ್ರತಿ ಗ್ರಾಹಕನದೂ ಬೇರೆಯೇ ಆದೇಶವೆಂದು ಎಣಿಸಿ ಪ್ರತಿಯೊಂದಕ್ಕೂ ಶೇರ್ಡ್ ಪೂಲಿನಲ್ಲಿ ಜಾಗ ಕೊಡುತ್ತದೆ.

ಈ ಭಾಗದ ವರ್ತಕರಿಗೆ ಹತ್ತಿರದ ನಿದರ್ಶನ ಜಿಲ್ಲೆಯ ಹೆಸರಿನದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಈ ಐದೂ ತಾಲ್ಲೂಕುಗಳು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಗ್ರಾಹಕರ ಪಟ್ಟಿಯಲ್ಲಿ ಎಂಟು ಸಾವಿರ ಹೆಸರುಗಳಿವೆ ಎಂದಿಟ್ಟುಕೊಳ್ಳೋಣ. ಈ ತಾಲ್ಲೂಕುಗಳ ಗ್ರಾಹಕರೆಲ್ಲರ ಜಿಲ್ಲೆಯನ್ನು ಬದಲಿಸೆಂದು ಒಂದೇ ಆದೇಶದಲ್ಲಿ ಹೇಳಬಹುದು. ಅದೇ ಕೆಲಸವನ್ನು ಗ್ರಾಹಕ ಸಂಖ್ಯೆ ಸೇರಿಸಿದ ಎಂಟು ಸಾವಿರ ಬಿಡಿ ಆದೇಶಗಳಲ್ಲಿ ಮಾಡಿದರೆ, ಬೆಳಿಗ್ಗೆಯಿಂದ ಸರಿಯಾಗಿದ್ದ ಶೇರ್ಡ್ ಪೂಲ್ ಮಧ್ಯಾಹ್ನಕ್ಕೆ ಚಿಂದಿಯಾಗಬಹುದು.

ತಂತ್ರಜ್ಞರು ಮೊದಲು ನೋಡಬೇಕಾದುದು ಅಲರ್ಟ್ ಲಾಗ್ ಮತ್ತು ದೋಷದ ವೇಳೆ ಬರೆದ ಟ್ರೇಸ್ ಕಡತ. ನಂತರ ಒರಾಕಲ್‌ನ 'ವಿ-ಡಾಲರ್-ಎಸ್‌ಜಿಎ-ಸ್ಟ್ಯಾಟ್' ಎಂಬ ನೋಟದಲ್ಲಿ ಯಾವ ಬಾಬ್ತು ಎಷ್ಟು ಜಾಗ ಹಿಡಿದಿದೆ ಎಂಬುದು. ಶೇರ್ಡ್ ಪೂಲನ್ನು ಖಾಲಿ ಮಾಡುವ 'ಫ್ಲಶ್' ಆದೇಶ ಆ ಹೊತ್ತಿನ ಉಪಶಮನ ಮಾತ್ರ. 'ಕರ್ಸರ್ ಶೇರಿಂಗ್' ಎಂಬ ಸೂಚಕವನ್ನು 'ಫೋರ್ಸ್' ಎಂದಿರಿಸಿದರೆ ಬಿಡಿ ಆದೇಶಗಳನ್ನು ಒರಾಕಲ್ ತಾನೇ ಒಂದೇ ನಮೂನೆಗೆ ತರಲು ಯತ್ನಿಸುತ್ತದೆ. ಮಾರಾಟಗಾರರು ತಂತ್ರಾಂಶ ತಿದ್ದಿಕೊಡುವವರೆಗಿನ ಊರುಗೋಲಾಗಿ ಅದನ್ನು ಬಳಸಬಹುದು, ಕಾಯಂ ಮದ್ದಾಗಿ ಅಲ್ಲ. ಜಾಗವೇ ನಿಜವಾಗಿ ಕಡಿಮೆಯಿದ್ದಲ್ಲಿ ಮಾತ್ರ ಪೂಲಿನ ಅಳತೆ ಹೆಚ್ಚಿಸಬೇಕು. 10ಜಿ ಆವೃತ್ತಿಯಿಂದ ಈಚೆಗೆ 'ಎಸ್‌ಜಿಎ ಟಾರ್ಗೆಟ್' ಎಂಬ ಒಟ್ಟು ಮೊತ್ತ ಕೊಟ್ಟರೆ ವಿಭಾಗಗಳ ನಡುವಿನ ಹಂಚಿಕೆಯನ್ನು ಒರಾಕಲ್ ತಾನೇ ನೋಡಿಕೊಳ್ಳುತ್ತದೆ.

ಪೋಸ್ಟ್‌ಗ್ರೆಸ್: ಒಂದೇ ಬಗೆಯ ಮಾತು, ನಾಲ್ಕು ಕಾರಣ

ಉಚಿತವಾಗಿ ದೊರೆಯುವ ಪೋಸ್ಟ್‌ಗ್ರೆಸ್‌ನಲ್ಲಿ ಶೇರ್ಡ್ ಮೆಮೊರಿಯ ಹೆಸರಿನಲ್ಲಿ ಬರುವ ಸಂದೇಶಗಳ ಕಾರಣಗಳು ಒಂದಕ್ಕೊಂದು ಸಂಬಂಧವಿಲ್ಲದವು.

ಮೆಮೊರಿ ತುಂಡನ್ನು ಸೃಷ್ಟಿಸಲಾಗಲಿಲ್ಲ ಎಂದು ಆರಂಭದಲ್ಲಿಯೇ ನಿಂತರೆ ಅದು ಹಳೆಯ ಯಂತ್ರಗಳ ಕಥೆ. ಹಿಂದಿನ ಲಿನಕ್ಸ್ ಒಂದು ತುಂಡಿಗೆ ವಿಧಿಸುತ್ತಿದ್ದ 'ಎಸ್‌ಎಚ್‌ಎಂ-ಮ್ಯಾಕ್ಸ್' ಮಿತಿ ಮೂಲತಃ 32 ಎಂಬಿ ಮಾತ್ರ. 2013ರ ಪೋಸ್ಟ್‌ಗ್ರೆಸ್ 9.3 ಬೇರೆ ವಿಧಾನಕ್ಕೆ ಬದಲಾಯಿತು. 2014ರ ಲಿನಕ್ಸ್ ಕರ್ನೆಲ್ 3.16 ಮಿತಿಯನ್ನೇ ಬಹುತೇಕ ಸಡಿಲಿಸಿತು. ಅದಕ್ಕೂ ಹಿಂದಿನ ಸರ್ವರ್ ಇನ್ನೂ ಓಡುತ್ತಿದ್ದರೆ ಮಿತಿ ಏರಿಸುವುದಕ್ಕಿಂತ ಸರ್ವರ್ ಬದಲಿಸುವುದೇ ಮೇಲು.

ಎರಡನೆಯದು ಹೆಚ್ಚು ಅಪಾಯಕರ. 'ಔಟ್ ಆಫ್ ಶೇರ್ಡ್ ಮೆಮೊರಿ' ಎಂಬ ಸಂದೇಶದ ಜೊತೆಗೆ 'ಮ್ಯಾಕ್ಸ್ ಲಾಕ್ಸ್ ಪರ್ ಟ್ರಾನ್ಸಾಕ್ಷನ್' ಹೆಚ್ಚಿಸಿರೆಂಬ ಸುಳಿವು ಬಂದರೆ, ತುಂಬಿರುವುದು ಬೀಗಗಳ ಪಟ್ಟಿ; ರ್‍ಯಾಮ್ ಅಲ್ಲ. ಈ ಸೂಚಕದ ಮೂಲ ಬೆಲೆ 64, ಸಂಪರ್ಕಗಳ ಮೂಲ ಮಿತಿ 100. ಎರಡರ ಗುಣಲಬ್ಧ 6,400. ಸುಮಾರು ಅಷ್ಟು ಬೀಗಗಳಿಗೆ ಮಾತ್ರ ಜಾಗದ ಭರವಸೆಯಿದೆ. ಕೆಲವು ತಂತ್ರಾಂಶಗಳು ಪ್ರತಿ ಸಂಸ್ಥೆಗೆ, ಪ್ರತಿ ಆರ್ಥಿಕ ವರ್ಷಕ್ಕೆ ಬೇರೆ ಬೇರೆ ಕೋಷ್ಟಕಗಳನ್ನು ಸೃಷ್ಟಿಸುತ್ತವೆ. ಹತ್ತು ಸಂಸ್ಥೆಗಳು, ನಾಲ್ಕು ವರ್ಷ, ವರ್ಷಕ್ಕೆ 200 ಕೋಷ್ಟಕವೆಂದರೆ 8,000 ಆಯಿತು. ದಿನದ ಬಿಲ್ಲಿಂಗ್ ಮುಟ್ಟುವುದು ನಾಲ್ಕಾರು ಕೋಷ್ಟಕಗಳನ್ನಷ್ಟೇ. ಹಗಲೆಲ್ಲ ಯಾವ ತೊಂದರೆಯೂ ಕಾಣದು. ಆದರೆ ರಾತ್ರಿ ಬ್ಯಾಕಪ್ ತೆಗೆಯುವ 'ಪಿಜಿ ಡಂಪ್' ಒಂದೇ ವ್ಯವಹಾರದೊಳಗೆ ಎಲ್ಲ ಕೋಷ್ಟಕಗಳಿಗೂ ಬೀಗ ಕೇಳುತ್ತದೆ ಮತ್ತು ಅಲ್ಲಿ ಸೋಲುತ್ತದೆ. ಬಿಲ್ಲಿಂಗ್ ನಡೆಯುತ್ತಲೇ ಇರುವುದರಿಂದ ಬ್ಯಾಕಪ್ ತಿಂಗಳುಗಟ್ಟಲೆ ನಿಂತಿದ್ದರೂ ಮಾಲೀಕರಿಗೆ ಗೊತ್ತಾಗುವುದಿಲ್ಲ. ಸೂಚಕವನ್ನು 256ಕ್ಕೆ ಏರಿಸಿದರೆ ಪಟ್ಟಿ 25,600ಕ್ಕೆ ಬೆಳೆಯುತ್ತದೆ. ಒಂದು ಬೀಗಕ್ಕೆ ತಗಲುವುದು ಕೆಲವು ನೂರು ಬೈಟ್ ಮಾತ್ರವಾದ್ದರಿಂದ ಇದರ ವೆಚ್ಚ ನಗಣ್ಯ. ಬದಲಾವಣೆ ಜಾರಿಗೆ ಬರಲು ಡೇಟಾಬೇಸನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು.

ಮೂರನೆಯದು, ಸರ್ವರನ್ನು ಡಾಕರ್ ಕಂಟೈನರಿನಲ್ಲಿ ಇರಿಸಿದವರಿಗೆ. ಅಲ್ಲಿ ಶೇರ್ಡ್ ಮೆಮೊರಿಯ ಮೂಲ ಮಿತಿ 64 ಎಂಬಿ. ದೊಡ್ಡ ವರದಿಯನ್ನು ಹಲವು ಪ್ರಕ್ರಿಯೆಗಳು ಸಮಾನಾಂತರವಾಗಿ ತಯಾರಿಸುವಾಗ ಅದು ಸಾಲದೆ, 'ಸಾಧನದಲ್ಲಿ ಜಾಗವಿಲ್ಲ' ಎಂಬರ್ಥದ ಸಂದೇಶ ಬರುತ್ತದೆ. ಇದನ್ನು ಡಿಸ್ಕ್ ತುಂಬಿದೆಯೆಂದು ಓದಿ ಹಳೆಯ ವರ್ಷದ ಕಡತಗಳನ್ನು ಅಳಿಸಲು ಹೊರಡುವವರುಂಟು. ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ. ಕಂಟೈನರಿನ ಮಿತಿಯನ್ನು ಹೆಚ್ಚಿಸಿದರೆ, ಇಲ್ಲವೇ ಸಮಾನಾಂತರ ಪ್ರಕ್ರಿಯೆಗಳನ್ನು ನಿಲ್ಲಿಸಿದರೆ ಸಾಕು.

ನಾಲ್ಕನೆಯದು, ಹಿಂದಿನ ಮೆಮೊರಿ ತುಂಡು ಇನ್ನೂ ಬಳಕೆಯಲ್ಲಿದೆ ಎಂಬ ಸಂದೇಶ. ಡೇಟಾಬೇಸನ್ನು ಬಲವಂತವಾಗಿ ಕೊಂದಾಗ ಅದರ ಕೆಲವು ಪ್ರಕ್ರಿಯೆಗಳು ಬದುಕುಳಿದರೆ ಹೀಗಾಗುತ್ತದೆ. ಉಳಿದ ಪ್ರಕ್ರಿಯೆಗಳನ್ನು ಮೊದಲು ಮುಗಿಸಬೇಕು. ಅವು ಓಡುತ್ತಿರುವಾಗಲೇ 'ಪೋಸ್ಟ್‌ಮಾಸ್ಟರ್' ಗುರುತಿನ ಕಡತವನ್ನು ಅಳಿಸಿ ಎರಡನೆಯ ಬಾರಿ ಆರಂಭಿಸಿದರೆ ಲೆಕ್ಕವೇ ಕೆಡುವ ಸಂಭವವಿದೆ.

ಉಚಿತ ಆವೃತ್ತಿಗಳ ಗೋಡೆ

ಎಸ್‌ಕ್ಯೂಎಲ್ ಸರ್ವರ್ 2022ರ ಎಕ್ಸ್‌ಪ್ರೆಸ್ ಆವೃತ್ತಿ ದತ್ತಾಂಶದ ಪುಟಗಳಿಗೆ 1,410 ಎಂಬಿಗಿಂತ ಹೆಚ್ಚು ಮೆಮೊರಿ ಬಳಸದು. ಒಂದು ಡೇಟಾಬೇಸ್ 10 ಜಿಬಿ ಮೀರುವಂತಿಲ್ಲ. ಒರಾಕಲ್ 21ಸಿ ಎಕ್ಸ್‌ಪ್ರೆಸ್‌ಗೆ ರ್‍ಯಾಮ್ ಮಿತಿ 2 ಜಿಬಿ. ಇಂಥಲ್ಲಿ ರ್‍ಯಾಮ್ ಕೊಳ್ಳುವುದು ಸೋರುವ ಚೀಲಕ್ಕೆ ಕಾಳು ತುಂಬಿದಂತೆ. ಪರವಾನಗಿ ಕೊಳ್ಳಬೇಕು, ಇಲ್ಲವೇ ಪೋಸ್ಟ್‌ಗ್ರೆಸ್‌ನಂತಹ ಮಿತಿಯಿಲ್ಲದ ಡೇಟಾಬೇಸಿಗೆ ಹೋಗಬೇಕು.

ಸರ್ವರ್ ನಿಂತ ದಿನ

ದೋಷ ಕಂಡ ಕೂಡಲೇ ಪರದೆಯ ಛಾಯಾಚಿತ್ರ ತೆಗೆದು, ಲಾಗ್ ಕಡತಗಳನ್ನು ನಕಲು ಮಾಡಿದ ಮೇಲೆಯೇ ಸರ್ವರನ್ನು ಆರಿಸಬೇಕು. ಲಾರಿ ಕಾಯಬೇಕಾಗಿಲ್ಲ: ಇ-ವೇ ಬಿಲ್ಲನ್ನು ಸರ್ಕಾರದ ಜಾಲತಾಣದಲ್ಲಿ ನೇರವಾಗಿ ಪಡೆಯಬಹುದು. ಸಿ.ಜಿ.ಎಸ್.ಟಿ. ನಿಯಮ 46 ಒಂದಕ್ಕಿಂತ ಹೆಚ್ಚು ಅನುಕ್ರಮಗಳಿಗೆ ಅವಕಾಶ ನೀಡಿರುವುದರಿಂದ, ಪ್ರತ್ಯೇಕ ಅಕ್ಷರದಿಂದ ಆರಂಭವಾಗುವ ಅಚ್ಚಾದ ಬಿಲ್ ಪುಸ್ತಕವೊಂದನ್ನು ತಿಜೋರಿಯಲ್ಲಿ ಇಟ್ಟಿರಬೇಕು. ವಹಿವಾಟು 5 ಕೋಟಿ ರೂಪಾಯಿ ಮೀರಿ ಇ-ಇನ್‌ವಾಯ್ಸ್ ವ್ಯಾಪ್ತಿಗೆ ಬಂದವರಿಗೆ ನೋಂದಾಯಿತರೊಡನೆಯ ಮಾರಾಟದಲ್ಲಿ ಇದೊಂದೇ ಸಾಲದು; ಅವರು ಐ.ಆರ್.ಎನ್. ಕೂಡ ಪಡೆಯಬೇಕು.

ಮಾಸಿಕ ವಿವರಣೆ ಸಲ್ಲಿಸುವವರಿಗೆ ಜಿ.ಎಸ್.ಟಿ.ಆರ್-1ರ ಗಡುವು 11ನೆಯ ತಾರೀಖು, 3ಬಿಯದು 20. ಸರ್ವರ್ ಕೆಟ್ಟಿತೆಂಬ ಕಾರಣಕ್ಕೆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ತಡವಾದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ ಬೀಳುತ್ತದೆ. ಇನ್ನೂ ದೂರದ ಹೊಣೆ ಕಲಂ 36ರದು: ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಉಳಿಸಿಕೊಂಡಿರಬೇಕು. 2022-23ರ ಲೆಕ್ಕ 2029ರ ಡಿಸೆಂಬರ್ 31ರವರೆಗೆ ಕೈಯಲ್ಲಿರಬೇಕೆಂದಾಯಿತು. ನಿಯಮ 57 ವಿದ್ಯುನ್ಮಾನ ದಾಖಲೆಗಳಿಗೆ, ಅವಘಡವಾದರೂ ಯುಕ್ತ ಅವಧಿಯಲ್ಲಿ ಮರಳಿ ಪಡೆಯಬಲ್ಲ ಬ್ಯಾಕಪ್ ಕೇಳುತ್ತದೆ. 'ಮರಳಿ ಪಡೆಯಬಲ್ಲ' ಎಂಬ ಮಾತನ್ನು ಪರೀಕ್ಷಿಸಲು ಒಂದೇ ದಾರಿ: ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು, ಹಿಂದಿನ ದಿನದ ನಗದು ಶಿಲ್ಕು ಮತ್ತು ಕೊನೆಯ ಬಿಲ್ ಸಂಖ್ಯೆಯನ್ನು ಕಿರ್ದಿಯೊಡನೆ ತಾಳೆ ನೋಡುವುದು. ವಾರ್ಷಿಕ ನಿರ್ವಹಣಾ ಒಪ್ಪಂದ ನವೀಕರಿಸುವಾಗ ಈ ಕೆಲಸವನ್ನೂ, ಬದಲಿಸಿದ ಪ್ರತಿ ಸೂಚಕದ ಹಳೆಯ-ಹೊಸ ಬೆಲೆಗಳನ್ನು ದಿನಾಂಕ ಸಹಿತ ವಹಿಯಲ್ಲಿ ಬರೆದಿಡುವ ಷರತ್ತನ್ನೂ ಸೇರಿಸಿಕೊಳ್ಳಬಹುದು.