ಓದಲಾಗದ ಪುಸ್ತಕವನ್ನು ಅಪ್ಪಿಕೊಂಡ ಕವಿ

ಬಹುಕಾಲ ಆಸೆಪಟ್ಟ ಪುಸ್ತಕ ಕೈಗೆ ಬಂದಿದೆ, ಆದರೆ ಅದರ ಒಂದು ಸಾಲೂ ಓದಲು ಬರುವುದಿಲ್ಲ! ಇಟಲಿಯ ಹೆಸರಾಂತ ಕವಿ ಪೆಟ್ರಾರ್ಕನಿಗೆ ಇಂಥ ಸಂಕಟ ಬಂದಿತ್ತು. 1354ರ ಹೊತ್ತಿಗೆ ಅವನಿಗೆ ಗ್ರೀಕ್ ಮಹಾಕವಿ ಹೋಮರನ ಹಸ್ತಪ್ರತಿಯೊಂದು ಉಡುಗೊರೆಯಾಗಿ ಬಂತು. ಕಳಿಸಿದವನು ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್‌ನ ಒಬ್ಬ ರಾಯಭಾರಿ. ಆ ಕಾಲದ ಇಟಲಿಯಲ್ಲಿ ಹೋಮರನ ಹೆಸರು ಪಂಡಿತರಿಗೆಲ್ಲ ಗೊತ್ತು, ಗ್ರೀಕ್ ಮಾತ್ರ ಬಲ್ಲವರೇ ಅಪರೂಪ. ಪುಸ್ತಕವನ್ನು ಅಪ್ಪಿಕೊಂಡು ನಿಟ್ಟುಸಿರು ಬಿಡುತ್ತಿದ್ದೇನೆ ಎಂದು ಪೆಟ್ರಾರ್ಕ್ ಪತ್ರ ಬರೆದ.

ಅವನ ಗೆಳೆಯ, ಕತೆಗಾರ ಬೊಕಾಚೊ ಸುಮ್ಮನೆ ಕೂರಲಿಲ್ಲ. ದಕ್ಷಿಣ ಇಟಲಿಯ ಕಲಾಬ್ರಿಯದಲ್ಲಿ ಗ್ರೀಕ್ ಇನ್ನೂ ಜನರ ಬಾಯಲ್ಲಿತ್ತು. ಅಲ್ಲಿನ ಲಿಯೊಂಜಿಯೊ ಪಿಲಾಟೊ ಎಂಬಾತನನ್ನು 1360ರಲ್ಲಿ ಫ್ಲಾರೆನ್ಸ್‌ಗೆ ಕರೆತಂದು ತನ್ನ ಮನೆಯಲ್ಲೇ ಇಟ್ಟುಕೊಂಡ. ಉದ್ದ ಗಡ್ಡ, ಕೆದರಿದ ಕೂದಲು, ಒರಟು ನಡವಳಿಕೆ, ಸದಾ ಏನೋ ಯೋಚನೆ. ಇಂಥ ಅತಿಥಿಯನ್ನು ಎರಡು ವರ್ಷ ಸಾಕುವುದು ಸುಲಭವೇ? ಆದರೆ ಅವನು ಹೋಮರನ ‘ಇಲಿಯಡ್’ ಮತ್ತು ‘ಒಡಿಸ್ಸಿ’ ಎರಡನ್ನೂ ಲ್ಯಾಟಿನ್‌ಗೆ ತಂದ.

ತಂದದ್ದು ಪದಕ್ಕೆ ಪದ ಇಟ್ಟು. ನಮ್ಮ ‘ಹೊಟ್ಟೆಕಿಚ್ಚು’ ಎಂಬ ಮಾತನ್ನು ಹಾಗೆ ಬೇರೆ ಭಾಷೆಗೆ ತಂದರೆ, ಕೇಳಿದವರು ನೀರು ತರಲು ಓಡಿಯಾರು! ಹೀಗೆ ಮಾಡಿದರೆ ಕಾವ್ಯ ಸೊರಗುತ್ತದೆಂದು ಪೆಟ್ರಾರ್ಕ್ ಮೊದಲೇ ಎಚ್ಚರಿಸಿದ್ದ. ಪಿಲಾಟೊನ ಲ್ಯಾಟಿನ್‌ನಲ್ಲಿ ಛಂದಸ್ಸಿಲ್ಲ, ಸೊಗಸೂ ಕಡಿಮೆ. ಪಂಡಿತರು ಅದನ್ನು ಹಳಿದದ್ದುಂಟು. ನನಗಂತೂ ಹಾಗೆ ಹಳಿಯಲು ಮನಸ್ಸು ಬಾರದು. ಬಾಗಿಲೇ ಇಲ್ಲದ ಗೋಡೆಗೆ ಅವನು ಕಿಂಡಿಯನ್ನಾದರೂ ಕೊರೆದ.

ಮುಂದೆ ಪಿಲಾಟೊ ಮುನಿಸಿಕೊಂಡು ಕಾನ್‌ಸ್ಟಾಂಟಿನೋಪಲ್‌ಗೆ ಹೊರಟುಹೋದ. ಅಲ್ಲಿಂದ ಹಡಗಿನಲ್ಲಿ ಮರಳುವಾಗ ಬಿರುಗಾಳಿ ಎದ್ದಿತು. ಹಾಯಿಕಂಬವನ್ನು ಅಪ್ಪಿ ನಿಂತಿದ್ದ ಅವನಿಗೆ ಸಿಡಿಲು ಬಡಿಯಿತು. ಸುದ್ದಿ ಕೇಳಿ ಮರುಗಿದ ಪೆಟ್ರಾರ್ಕ್, ಅವನ ಗಂಟಿನಲ್ಲಿ ಗ್ರೀಕ್ ನಾಟಕಕಾರರ ಪುಸ್ತಕವೇನಾದರೂ ಇದೆಯೇ ಎಂದು ಹುಡುಕಿಸಲೂ ಮರೆಯಲಿಲ್ಲ. ಪುಸ್ತಕದ ಹುಚ್ಚು ಅಂಥದ್ದು!

ಕೊನೆಗೆ ಪಿಲಾಟೊನ ಅನುವಾದದ ಪ್ರತಿ ಪೆಟ್ರಾರ್ಕನ ಕೈ ಸೇರಿತು. ಅದೀಗ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ‘ಇಲಿಯಡ್’ನ ಅಂಚುಗಳ ತುಂಬ ಮುದಿಕವಿಯ ಟಿಪ್ಪಣಿಗಳಿವೆ. ‘ಒಡಿಸ್ಸಿ’ಯಲ್ಲಿ ಅವು ಸ್ವಲ್ಪ ದೂರ ಸಾಗಿ ನಿಂತುಬಿಟ್ಟಿವೆ. 1374ರಲ್ಲಿ ಪೆಟ್ರಾರ್ಕ್ ತೀರಿಕೊಂಡ.