ಕಾರ್ಖಾನೆಯ ಬಾಗಿಲು ಮುಚ್ಚಿದಾಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ವಿದ್ಯಾರ್ಥಿಗಳಿಗೆ ಉಂಡೆ ಕೊಬ್ಬರಿಯ ವಿಷಯ ಹೊಸದಲ್ಲ. ಧಾರಣೆ ಕುಸಿದರೆ, ಅನುಕೂಲವಿರುವ ರೈತರು ಕಾಯಿಯನ್ನು ಅಟ್ಟದಲ್ಲೇ ಇನ್ನಷ್ಟು ದಿನ ಬಿಟ್ಟು ಕಾಯುತ್ತಾರೆ. ಕಾರ್ಮಿಕರು ಮಾರುವುದು ತಮ್ಮ ದಿನದ ದುಡಿಮೆಯನ್ನು. ಇಂದು ಮಾರಾಟವಾಗದ ದುಡಿಮೆಯನ್ನು ನಾಳೆಗೆಂದು ಕೂಡಿಡಲು ಬರುವುದಿಲ್ಲ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ನಿಮ್ಮ ಜಿಲ್ಲೆಯದೇ ಉದಾಹರಣೆ ಇದೆ. 1978ರಲ್ಲಿ ತುಮಕೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಆರಂಭವಾಯಿತು. ಕೀ ಕೊಡುವ ಗಡಿಯಾರಗಳಿಗೆ ಈ ಸಂಸ್ಥೆ ಹೆಸರುವಾಸಿ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳು ಬಂದವು. 1980ರ ದಶಕದ ಕೊನೆಗೆ ಟೈಟಾನ್ ಪೈಪೋಟಿಗೆ ಇಳಿಯಿತು. ಬೇಡಿಕೆ ಕುಗ್ಗಿ ನಷ್ಟ ಬೆಳೆಯಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಬೇರಿಂಗ್ ತಯಾರಿಸುತ್ತಿದ್ದ ಎಚ್.ಎಂ.ಟಿ. ಬೇರಿಂಗ್ಸ್ ಕಂಪನಿಗೂ ಆಗಲೇ ಮುಚ್ಚುಗಡೆ ಬಂತು. ನೌಕರರ ಮುಂದೆ ಸ್ವಯಂ ನಿವೃತ್ತಿ ಯೋಜನೆ ಇಡಲಾಯಿತು.

ಕಾರಿನ ಬಿಡಿಭಾಗಗಳ ಕಾರ್ಖಾನೆಗಳಿಗೂ ಇದೇ ಅಪಾಯವಿದೆ. ಇಂಧನ ಸಿಂಪಡಿಸುವ ಇಂಜೆಕ್ಷನ್ ಪದ್ಧತಿ ಬಂದ ಮೇಲೆ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಬೇಡವಾಯಿತು. ಒಂದೇ ಭಾಗವನ್ನು ಒಂದೇ ಗಿರಾಕಿಗೆ ಒದಗಿಸುವ ಕಾರ್ಖಾನೆಯಲ್ಲಿ, ಆ ಗಿರಾಕಿ ಕೈಬಿಟ್ಟ ದಿನವೇ ಯಂತ್ರಗಳು ನಿಲ್ಲುತ್ತವೆ.

ಪತ್ರಿಕೆಗಳಲ್ಲಿ ಬರುವ ಮೂರು ಪದಗಳನ್ನು ಬೇರೆ ಬೇರೆಯಾಗಿ ತಿಳಿಯಿರಿ. 'ಲೇ-ಆಫ್' ಎಂದರೆ ಕಚ್ಚಾವಸ್ತು, ವಿದ್ಯುತ್ ಮುಂತಾದವುಗಳ ಕೊರತೆಯಿಂದ ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿರುವುದು. ಇಲ್ಲಿ ನೌಕರಿ ಉಳಿಯುತ್ತದೆ. ಅರ್ಹ ಕಾರ್ಮಿಕರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಿಗುತ್ತದೆ. 'ರಿಟ್ರೆಂಚ್‌ಮೆಂಟ್' ಎಂದರೆ ಹೆಚ್ಚುವರಿ ಎಂದು ಕೆಲಸದಿಂದ ತೆಗೆಯುವುದು. ಇದಕ್ಕೆ ಮುಂಚಿತ ನೋಟಿಸು ಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕು. 20 ವರ್ಷ ದುಡಿದವರಿಗೆ 300 ದಿನಗಳ ವೇತನವಾಯಿತು. 'ಮುಚ್ಚುಗಡೆ' ಎಂದರೆ ಕಾರ್ಖಾನೆಯೇ ಶಾಶ್ವತವಾಗಿ ನಿಲ್ಲುವುದು.

1947ರ ಕೈಗಾರಿಕಾ ವಿವಾದಗಳ ಕಾಯಿದೆಯಂತೆ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಮಿತಿಯನ್ನು 300ಕ್ಕೆ ಏರಿಸಿತು. ಇದರಿಂದ ಉದ್ಯಮ ವಿಸ್ತರಿಸುತ್ತದೆ ಎನ್ನುವವರಿದ್ದಾರೆ. ಸಣ್ಣ ಕಾರ್ಖಾನೆಗಳ ಕಾರ್ಮಿಕರಿಗೆ ರಕ್ಷಣೆ ತಪ್ಪಿತು ಎನ್ನುವವರೂ ಇದ್ದಾರೆ. ಕೆಲಸದಿಂದ ತೆಗೆದ ಪ್ರತಿ ಕಾರ್ಮಿಕರ ಮರುತರಬೇತಿಗೆ ಮಾಲೀಕರು 15 ದಿನಗಳ ವೇತನದಷ್ಟು ಹಣ ಕಟ್ಟಬೇಕೆಂದೂ ಈ ಸಂಹಿತೆ ಹೇಳುತ್ತದೆ.

ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಂತ ಕೈಗಳು ಹೊಸ ಕಸಬು ಕಲಿಯಲು ಅಷ್ಟು ಹಣ ಸಾಕೆ? ತರಗತಿಯಲ್ಲಿ ಚರ್ಚಿಸಿ.