ಕೆಮ್ಮಣ್ಣಿನಲ್ಲಿ ಲೋಹಶೋಧಕದ ಆಳ

ಲೋಹಶೋಧಕದ ತಟ್ಟೆಯೊಳಗೆ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ಪರ್ಯಾಯ ವಿದ್ಯುತ್ತಿನಿಂದ ಹುಟ್ಟಿದ ಕಾಂತಕ್ಷೇತ್ರ ನೆಲದೊಳಕ್ಕೆ ಇಳಿಯುತ್ತದೆ. ಅಲ್ಲಿ ನಾಣ್ಯ ಸಿಕ್ಕರೆ ಅದರ ಮೈಯಲ್ಲಿ ಸುಳಿವಿದ್ಯುತ್ ಹುಟ್ಟಿ, ತನ್ನದೇ ಆದ ಕಿರುಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತದೆ. ಯಂತ್ರ ಕೇಳಿಸಿಕೊಳ್ಳುವುದು ಈ ಮಾರ್ದನಿಯನ್ನು. ಅದು ಮಣ್ಣಿನ ಸದ್ದಿನಲ್ಲಿ ಮುಳುಗಿಹೋಗುವ ಗಡಿಯೇ ಯಂತ್ರದ ಆಳ.

ಈ ಗಡಿಯನ್ನು ದೂರ ತಳ್ಳುವುದು ಬಹಳ ಕಷ್ಟ. ಸುರುಳಿಯ ಅಗಲವನ್ನು ಮೀರಿ ಕೆಳಗಿಳಿದಂತೆ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಮರಳಿ ಬರುವ ಮಾರ್ದನಿಯೂ ಅದೇ ಲೆಕ್ಕದಲ್ಲಿ ಕುಗ್ಗುತ್ತದೆ. ಎರಡೂ ಸೇರಿ ಆರನೆಯ ಘಾತ. ದೂರ ಎರಡು ಪಟ್ಟಾದರೆ ಸಂಕೇತ 64ನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಯಂತ್ರ ಇನ್ನೊಂದಕ್ಕಿಂತ ಎರಡು ಪಟ್ಟು ಸೂಕ್ಷ್ಮವಾಗಿದ್ದರೂ, 20 ಸೆಂಟಿಮೀಟರ್ ಆಳದ ನಾಣ್ಯಕ್ಕೆ ಅದರಿಂದ ಸಿಗುವ ಲಾಭ ಎರಡು ಮೂರು ಸೆಂಟಿಮೀಟರ್ ಮಾತ್ರ. ರಾಗಿಯ ಕೂಳೆಯ ಮೇಲೆ ತಟ್ಟೆ ಅಷ್ಟೇ ಎತ್ತರದಲ್ಲಿ ಓಡಾಡಿದರೆ ಆ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ದುಬಾರಿ ಯಂತ್ರ ಕೊಂಡವರು ಈ ಲೆಕ್ಕವನ್ನು ಇಷ್ಟಪಡುವುದಿಲ್ಲ. ನಿಧಿಯ ಆಸೆಯವರಿಗೂ ಇದು ರುಚಿಸದು: ಎಲ್ಲ ಅಳತೆಗಳಲ್ಲೂ ಹತ್ತು ಪಟ್ಟು ದೊಡ್ಡ ವಸ್ತುವಾದರೂ, ಅದೇ ಸುರುಳಿಗೆ ಅದು ಕೇಳಿಸುವ ಆಳ ಸುಮಾರು ಮೂರು ಪಟ್ಟು ಹೆಚ್ಚೀತು, ಅಷ್ಟೇ. ದೊಡ್ಡ ಸುರುಳಿ ಹಾಕಿದರೆ ಆಳ ಹೆಚ್ಚುತ್ತದೆ, ಆದರೆ ಚಿಕ್ಕ ಚೂರುಗಳು ಕೈತಪ್ಪುತ್ತವೆ.

ಇನ್ನು ಮಣ್ಣು. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಯಂಥ ಕಡೆ ಹೊಲಗಳದ್ದು ನೈಸ್ ಮತ್ತು ಗ್ರಾನೈಟ್ ಶಿಲೆಗಳು ಶಿಥಿಲಗೊಂಡು ಆದ ಕೆಮ್ಮಣ್ಣು. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಬಣ್ಣ ಕೊಡುವ ಹೆಮಟೈಟ್ ಹೆಚ್ಚು ತೊಂದರೆ ಕೊಡುವುದಿಲ್ಲ. ಅದರ ಜೊತೆ ಬೆರೆತಿರುವ ಮ್ಯಾಗ್ನಟೈಟ್ ಮತ್ತು ಮ್ಯಾಗ್ಹಮೈಟ್ ಕಣಗಳೇ ಯಂತ್ರವನ್ನು ಕೆಣಕುವುದು. ಆದ್ದರಿಂದ ಮಣ್ಣಿನ ಬಣ್ಣ ನೋಡಿ ತೀರ್ಪು ಕೊಡಲಾಗದು. ಬೆಂಗಳೂರು ಸುತ್ತಿನ ಬಂಡೆಗಳನ್ನು ಸೀಳಿಕೊಂಡು ಬಂದ ಡಾಲರೈಟ್, ಅಂದರೆ ಕರಿಕಲ್ಲು, ಮ್ಯಾಗ್ನಟೈಟ್ ಇರುವ ಕಲ್ಲು. ಅದರ ಒಂದು ಉಂಡೆಯೇ ಯಂತ್ರವನ್ನು ಕೂಗಿಸಬಲ್ಲದು. ಮಣ್ಣು ಕಾದಾಗಲೂ ಮ್ಯಾಗ್ಹಮೈಟ್ ಹುಟ್ಟಬಹುದು. ಹಳೆಯ ಇಟ್ಟಿಗೆ, ಹೆಂಚಿನ ಚೂರು, ಒಲೆಯ ಬುಡದ ಸುಟ್ಟ ಮಣ್ಣು ಸುಳ್ಳು ಸದ್ದು ಕೊಡುವುದು ಈ ಕಾರಣಕ್ಕೆ. ಹಳೆಯ ಊರಿನ ದಿಣ್ಣೆಯಲ್ಲಿ ಚೆನ್ನಾಗಿ ನಡೆಯದ ಯಂತ್ರ ಪಕ್ಕದ ಹೊಲದಲ್ಲಿ ಸರಿಯಾಗಿಯೇ ನಡೆಯಬಹುದು.

ಸಾಮಾನ್ಯ ಯಂತ್ರಗಳು ಕೆಲವು ಕಿಲೋಹರ್ಟ್ಸ್‌ನಿಂದ ಕೆಲವು ಹತ್ತು ಕಿಲೋಹರ್ಟ್ಸ್‌ವರೆಗಿನ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಮಣ್ಣಿನ ಪ್ರತಿಕ್ರಿಯೆಯನ್ನು ಕಳೆಯಲು ಅವಕ್ಕೆ ನೆಲ ಸಮತೋಲನದ ಗುಂಡಿ ಇರುತ್ತದೆ. ವಿದ್ಯುತ್ತನ್ನು ಮಿಡಿತಗಳಾಗಿ ಹರಿಸುವ ಪಲ್ಸ್ ಯಂತ್ರಗಳು ಮಿಡಿತ ನಿಂತ ಮೇಲೆ ಕೆಲವು ಮೈಕ್ರೋಸೆಕೆಂಡ್ ಬಿಟ್ಟು ಕೇಳುತ್ತವೆ, ಆದ್ದರಿಂದ ಕೆಟ್ಟ ನೆಲದಲ್ಲಿ ಹೆಚ್ಚು ಆಳ ತಲುಪುತ್ತವೆ. ಆದರೆ ಮೊಳೆ ಯಾವುದು, ನಾಣ್ಯ ಯಾವುದು ಎಂದು ಹೇಳುವುದರಲ್ಲಿ ಹಿಂದೆ.

ಯಂತ್ರದ ಆಳವನ್ನು ನಾವೇ ಪರೀಕ್ಷಿಸಿ ನೋಡಬಹುದು. ಆ ಪರೀಕ್ಷೆಗೆ ಗುರಿವಸ್ತುವನ್ನು ಆರಿಸುವಾಗ ನಮ್ಮ ಚಿಲ್ಲರೆಯಲ್ಲೇ ಒಂದು ಬಲೆ ಇದೆ. ಈಚಿನ ದಶಕಗಳ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಉಕ್ಕಿನವು. ಯಂತ್ರ ಅವನ್ನು ಕಬ್ಬಿಣವೆಂದು ತಳ್ಳಿಹಾಕಬಹುದು. 2009ರಿಂದ ಬಂದ ನಿಕಲ್-ಹಿತ್ತಾಳೆಯ ಐದು ರೂಪಾಯಿ, 23 ಮಿಲಿಮೀಟರ್ ವ್ಯಾಸದ್ದು, ಇದಕ್ಕೆ ಉತ್ತಮ. ಮಲಗಿದ ನಾಣ್ಯಕ್ಕೂ ಅಂಚಿನ ಮೇಲೆ ನಿಂತ ನಾಣ್ಯಕ್ಕೂ ಆಳ ಬೇರೆ. ಹಾಗಾಗಿ ಅದು ಯಾವ ಭಂಗಿಯಲ್ಲಿತ್ತು ಎಂಬುದನ್ನೂ ಬರೆದಿಡಬೇಕು.

ಗಾಳಿಯಲ್ಲಿ ತಟ್ಟೆಯನ್ನು ಮರದ ಹಲಗೆಗೆ ಒರಗಿಸಿ, ನಾಣ್ಯವನ್ನು ಎದುರಿಗೆ ಆಡಿಸುತ್ತ ದೂರ ಅಳೆಯುವುದು ಮೊದಲ ಹೆಜ್ಜೆ. ಇದು ಯಂತ್ರದ ಆರೋಗ್ಯವನ್ನಷ್ಟೇ ಹೇಳುತ್ತದೆ. ಮಣ್ಣಿನ ಪರೀಕ್ಷೆಗೆ ಗುಂಡಿ ತೋಡಿ ಹೂಳಿದರೆ ಮಣ್ಣಿನ ಕಟ್ಟು ಒಡೆಯುತ್ತದೆ. ಅದಕ್ಕಿಂತ ಪಿವಿಸಿ ಪೈಪನ್ನು ಓರೆಯಾಗಿ ನೆಲಕ್ಕಿಳಿಸಿ, ಕಡ್ಡಿಯ ತುದಿಗೆ ಕಟ್ಟಿದ ನಾಣ್ಯವನ್ನು ಅದರೊಳಗೆ ಜಾರಿಸಿದರೆ, ಕದಡದ ಮಣ್ಣಿನಡಿ ಬೇಕಾದ ಆಳಕ್ಕೆ ಒಯ್ಯಬಹುದು. ಆಳವನ್ನು ಪೈಪಿನ ಉದ್ದದಿಂದಲ್ಲ, ಲಂಬವಾಗಿ ಲೆಕ್ಕ ಹಾಕಬೇಕು. ಯಂತ್ರಗಳನ್ನು ಹೋಲಿಸುವಾಗ ಸುರುಳಿಗಳ ಅಗಲ ಹತ್ತಿರ ಹತ್ತಿರ ಇರಬೇಕು. ಬೀಸುವ ವೇಗ, ಎತ್ತರ, ಹೆಡ್‌ಫೋನ್ ಒಂದೇ ಆಗಿರಬೇಕು. ಮಳೆ ಬಿದ್ದ ನೆಲದ ಅಂಕಿಯನ್ನು ಬೇಸಿಗೆಯ ಅಂಕಿಯ ಪಕ್ಕ ಇಡುವಂತಿಲ್ಲ. ಜಾಗದಲ್ಲಿ ಹಳೆಯ ಮೊಳೆ, ಮುಳ್ಳುತಂತಿ ಇರಬಾರದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯೊಳಗಿನ ಗುಂಡನ್ನು ಹುಡುಕಲು ಗ್ರಹಾಂ ಬೆಲ್ ತಂದ ಉಪಕರಣವನ್ನು ಹಾಸಿಗೆಯ ಉಕ್ಕಿನ ಸ್ಪ್ರಿಂಗ್‌ಗಳೇ ದಾರಿ ತಪ್ಪಿಸಿದವು ಎನ್ನುತ್ತಾರೆ.

ಕಠಿಣ ಪರೀಕ್ಷೆಗಳು ಬಂದದ್ದು ನೆಲಬಾಂಬ್ ತೆರವಿನಿಂದ. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್‌ನಂಥ ಸೇನಾ ಎಂಜಿನಿಯರುಗಳ ಕೆಲಸವದು. 2003ರಲ್ಲಿ ಯುರೋಪಿನಲ್ಲಿ ಇದಕ್ಕೆಂದೇ ಪರೀಕ್ಷಾ ನಿಯಮಾವಳಿ ಪ್ರಕಟವಾಯಿತು. ಮಣ್ಣನ್ನು ಅಳೆಯಲು ಅಲ್ಲಿನ ಉಪಾಯ ಸರಳ: ಗೊತ್ತಾದ ಅಳತೆಯ ಉಕ್ಕಿನ ಗೋಲಿಗೆ ಹೊಂದಿಸಿದ ಯಂತ್ರವನ್ನು ಬರಿನೆಲದ ಕಡೆಗೆ ಇಳಿಸುತ್ತ ಬಂದು, ಎಷ್ಟು ಎತ್ತರದಲ್ಲಿ ಅದು ಕೂಗತೊಡಗಿತೆಂದು ನೋಡುವುದು. ಎತ್ತರ ಹೆಚ್ಚಿದಷ್ಟೂ ನೆಲ ಕೆಟ್ಟದ್ದು. ಲಾವೋಸ್, ಮೊಜಾಂಬಿಕ್ ದೇಶಗಳ ನೆಲದಲ್ಲೂ ಯಂತ್ರಗಳನ್ನು ಪರೀಕ್ಷಿಸಲಾಗಿದೆ. ಇಂಥ ಪರೀಕ್ಷೆಗಳಲ್ಲಿ ಗುರಿ ಎಲ್ಲಿದೆ ಎಂಬುದು ಯಂತ್ರ ಹಿಡಿದವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಿವಿ ಇಲ್ಲದ ಸದ್ದನ್ನೂ ಕೇಳುತ್ತದೆ. ಖಾಲಿ ಜಾಗಗಳನ್ನೂ ಬೆರೆಸಿ, ಒಂದೊಂದು ಆಳಕ್ಕೂ ಎಷ್ಟು ಬಾರಿ ಸಿಕ್ಕಿತು, ಎಷ್ಟು ಬಾರಿ ಸುಮ್ಮನೆ ಕೂಗಿತು ಎಂದು ಎಣಿಸುತ್ತಾರೆ. ಫಲಿತಾಂಶ ಒಂದೇ ಅಂಕಿಯಾಗಿರದೆ, ಆಳ ಹೆಚ್ಚಿದಂತೆ ಇಳಿಯುವ ಒಂದು ರೇಖೆಯಾಗಿರುತ್ತದೆ.